ಸಿಬಿ ರೇಡಿಯೊ: ಇರುವ ನಾಲ್ಕು ವ್ಯಾಟ್‌ನಲ್ಲೇ ಹೆಚ್ಚು ದೂರ ಮಾತಾಡುವ ಬಗೆ

ಸಿಟಿಜನ್ಸ್ ಬ್ಯಾಂಡ್ ರೇಡಿಯೊಗೆ ಟವರ್ ಬೇಡ, ರಿಪೀಟರ್ ಬೇಡ, ತಿಂಗಳ ರೀಚಾರ್ಜ್ ಬೇಡ. 27 ಮೆಗಾಹರ್ಟ್ಸ್‌ನ ಒಂದು ಸೆಟ್, ಒಂದು ಆಂಟೆನಾ, ಆ ಕಡೆ ಅಂಥದ್ದೇ ಇನ್ನೊಂದು ಇದ್ದರೆ ಮಾತು ಶುರು. ಮೊಬೈಲ್ ಸಿಗ್ನಲ್ ಸತ್ತ ಜಾಗದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಆದರೆ ಹೊಸದಾಗಿ ಸೆಟ್ ಜೋಡಿಸಿದವರಿಂದ ಹೆಚ್ಚಾಗಿ ಕೇಳಿಬರುವ ದೂರು ಒಂದೇ: ಎರಡು ಕಿಲೋಮೀಟರ್ ದಾಟಿದರೆ ಏನೂ ಕೇಳುವುದಿಲ್ಲ. ಇದಕ್ಕೆ ಸೆಟ್ ಕಾರಣವಾಗಿರುವುದು ಅಪರೂಪ. ಆಂಟೆನಾ ಕೂತ ಜಾಗ, ಅದರ ಬುಡದ ಅರ್ತಿಂಗ್, ಕೇಬಲ್ ತುದಿಯ ಕನೆಕ್ಟರ್, ವಾಹನದೊಳಗಿನ ವಿದ್ಯುತ್ ಗದ್ದಲ, ಈ ನಾಲ್ಕರಲ್ಲಿ ಒಂದು ಕೈಕೊಟ್ಟಿರುತ್ತದೆ. ವ್ಯಾಟ್ ಹೆಚ್ಚಿಸುವ ಯೋಚನೆಗೆ ಮೊದಲು ಈ ನಾಲ್ಕನ್ನು ಸರಿಮಾಡಿ.

ಸೆಟ್ ಕೊಳ್ಳುವ ಮುಂಚೆ ನಿಮ್ಮ ದೇಶದ ನಿಯಮ ಓದಿಕೊಳ್ಳಿ. ಅಮೆರಿಕದಲ್ಲಿ 26.965ರಿಂದ 27.405 ಮೆಗಾಹರ್ಟ್ಸ್‌ವರೆಗೆ 40 ಚಾನೆಲ್‌ಗಳಿವೆ. ಮಾತು ಕಳಿಸುವ ಬಗೆಗಳಲ್ಲಿ ಎಎಮ್‌ಗೆ 4 ವ್ಯಾಟ್, ಎಸ್‌ಎಸ್‌ಬಿಗೆ (ಅಲೆಯ ಒಂದೇ ಪಕ್ಕದಲ್ಲಿ ಮಾತು ಕಳಿಸುವ ಬಗೆ) 12 ವ್ಯಾಟ್ ಮಿತಿ. ಎಫ್‌ಎಮ್‌ಗೆ ಅಲ್ಲಿ ಅನುಮತಿ ಸಿಕ್ಕಿದ್ದು 2021ರಲ್ಲಷ್ಟೇ. ಬ್ರಿಟನ್‌ನಲ್ಲಿ ಇದೇ 40ರ ಜೊತೆಗೆ 27.60125ರಿಂದ 27.99125 ಮೆಗಾಹರ್ಟ್ಸ್‌ವರೆಗೆ ಅಲ್ಲಿಯದೇ ಬೇರೆ 40 ಚಾನೆಲ್‌ಗಳಿವೆ. ಆಸ್ಟ್ರೇಲಿಯಾದಲ್ಲಿ 27 ಮೆಗಾಹರ್ಟ್ಸ್ ಅಲ್ಲದೆ 477 ಮೆಗಾಹರ್ಟ್ಸ್ ಸುತ್ತಲೂ ಸಿಬಿ ಇದೆ. ಆ ಸೆಟ್ಟಿಗೂ ಈ ಸೆಟ್ಟಿಗೂ ಮಾತು ಹೊಂದುವುದಿಲ್ಲ. ಯಾವ ಚಾನೆಲ್‌ಗಳು, ಎಷ್ಟು ವ್ಯಾಟ್, ಹೊರಗಿನ ಆಂಟೆನಾ ಹಾಕಬಹುದೇ, ಪರವಾನಗಿ ಬೇಕೇ, ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ದುಡ್ಡು ಬಿಚ್ಚಿ. ಕೆಳಗಿನ ಚಾನೆಲ್ ಸಂಖ್ಯೆಗಳು ಅಮೆರಿಕದ 40ರ ಪಟ್ಟಿಯವು.

ಎಷ್ಟು ದೂರ ನಿರೀಕ್ಷಿಸಬಹುದು

ಕೈಸೆಟ್‌ನಿಂದ ಕೈಸೆಟ್‌ಗೆ ಒಂದರಿಂದ ಮೂರು ಕಿಲೋಮೀಟರ್. ವಾಹನದಿಂದ ವಾಹನಕ್ಕೆ ಐದರಿಂದ ಹತ್ತು. ಮನೆಯ ಮೇಲೆ ಎತ್ತರಕ್ಕೆ ಕಟ್ಟಿದ ಆಂಟೆನಾದಿಂದ ವಾಹನಕ್ಕೆ ಹದಿನೈದರಿಂದ ಮೂವತ್ತು. ಬಯಲಿದ್ದರೆ ಇನ್ನಷ್ಟು ಸಿಗುತ್ತದೆ, ಗುಡ್ಡವೋ ಒತ್ತೊತ್ತಾದ ಕಟ್ಟಡಗಳೋ ಇದ್ದರೆ ಅರ್ಧಕ್ಕೆ ಇಳಿಯುತ್ತದೆ. ರಟ್ಟಿನ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ ದೊಡ್ಡ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಅಂದಾಜಿಗೆ ಒಂದು ಸುಲಭ ಲೆಕ್ಕವಿದೆ. ಎರಡೂ ಆಂಟೆನಾಗಳ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು, ಒಂದೊಂದರ ವರ್ಗಮೂಲ ಕಂಡುಹಿಡಿದು ಕೂಡಿಸಿ, ಬಂದದ್ದನ್ನು 4.1ರಿಂದ ಗುಣಿಸಿ. ಅದು ಕಿಲೋಮೀಟರ್‌ನಲ್ಲಿ ರೇಡಿಯೊ ದಿಗಂತ. ಎರಡೂ ಆಂಟೆನಾ 2 ಮೀಟರ್ ಎತ್ತರದಲ್ಲಿದ್ದರೆ ಸುಮಾರು 11.6 ಕಿಲೋಮೀಟರ್. ಒಂದನ್ನು 10 ಮೀಟರ್‌ಗೆ ಏರಿಸಿದರೆ ಸುಮಾರು 19. ಹಾಗಾಗಿ ಹಳ್ಳದಲ್ಲಿ ನಿಂತು ಕೂಗುವ ಬದಲು ದಿಬ್ಬದ ಮೇಲಕ್ಕೆ ವಾಹನ ಒಯ್ದು ನಿಲ್ಲಿಸುವುದೇ ಖರ್ಚಿಲ್ಲದ, ಎಲ್ಲಕ್ಕಿಂತ ಒಳ್ಳೆಯ ಉಪಾಯ.

ವ್ಯಾಟ್ ವಿಷಯ ಇಲ್ಲೇ ಮುಗಿಸೋಣ. 4 ವ್ಯಾಟನ್ನು 16 ಮಾಡಿದರೆ 6 ಡೆಸಿಬಲ್ ಸಿಗುತ್ತದೆ. ಬರುವ ಸಿಗ್ನಲ್‌ನ ಜೋರು ತೋರಿಸುವ, ಆ ಕಡೆಯವರ ಸೆಟ್ಟಿನ ಎಸ್ ಮೀಟರ್‌ನಲ್ಲಿ ಅದು ಒಂದೇ ಒಂದು ಗೆರೆ. 100 ವ್ಯಾಟ್ ಮಾಡಿದರೂ 14 ಡೆಸಿಬಲ್, ಎರಡು ಗೆರೆಗಿಂತ ಚೂರು ಜಾಸ್ತಿ. ಆಂಪ್ಲಿಫೈಯರ್ ನಿಮ್ಮ ದನಿಯನ್ನಷ್ಟೇ ದೊಡ್ಡದು ಮಾಡುತ್ತದೆ, ಅವರ ದನಿ ನಿಮಗೆ ಕೇಳುವುದನ್ನು ಒಂದಿಷ್ಟೂ ಉತ್ತಮಪಡಿಸುವುದಿಲ್ಲ. ಬಹುತೇಕ ಕಡೆ ಅದು ಕಾನೂನುಬಾಹಿರವೂ ಹೌದು. ಅಗ್ಗದವು ಅಕ್ಕಪಕ್ಕದ ಚಾನೆಲ್‌ಗಳನ್ನೆಲ್ಲ ಹಾಳುಮಾಡುತ್ತವೆ. ಒಳ್ಳೆಯ ಆಂಟೆನಾ ಮಾತ್ರ ಹೋಗುವುದನ್ನೂ ಬರುವುದನ್ನೂ ಒಟ್ಟಿಗೆ ಸುಧಾರಿಸುತ್ತದೆ.

ವಿದ್ಯುತ್ ಎಳೆಯುವುದು

ಎಎಮ್‌ನಲ್ಲಿ ಮಾತಾಡುವಾಗ ಸೆಟ್ ಹೆಚ್ಚೆಂದರೆ 2 ಆಂಪಿಯರ್ ಆಸುಪಾಸು ಎಳೆಯುತ್ತದೆ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸಿದರೂ ನಡೆಯುತ್ತದೆ, ಆದರೆ ಆ ಸಾಕೆಟ್ ಅಲುಗುತ್ತದೆ, ವಾಹನದ ಎಲ್ಲ ಗದ್ದಲವೂ ಅದರ ತಂತಿಯಲ್ಲೇ ಹರಿದು ಬರುತ್ತದೆ. ಬ್ಯಾಟರಿಯಿಂದಲೇ ನೇರ 2.5 ಚದರ ಮಿಲಿಮೀಟರ್‌ನ ಜೋಡಿ ತಂತಿ ಎಳೆಯಿರಿ. ಕೆಂಪು ತಂತಿಗೆ ಬ್ಯಾಟರಿಯ ಹತ್ತಿರವೇ, ಒಂದು ಗೇಣಿನೊಳಗೆ, ಫ್ಯೂಸ್ ಇರಲಿ. ಸೆಟ್ಟಿನ ಹಿಂದೆ ಮಾತ್ರ ಫ್ಯೂಸ್ ಇಟ್ಟರೆ ನಡುವೆ ಎಲ್ಲಾದರೂ ತಂತಿ ಉಜ್ಜಿ ಬಾಡಿಗೆ ತಾಗಿದಾಗ ಬೆಂಕಿ ತಡೆಯುವವರಿಲ್ಲ. ಫ್ಯೂಸ್ ಎಷ್ಟು ಆಂಪಿಯರ್‌ನದೆಂದು ಸೆಟ್ಟಿನ ಕೈಪಿಡಿಯಲ್ಲಿರುತ್ತದೆ, ಸಾಮಾನ್ಯವಾಗಿ 2 ಅಥವಾ 3.

ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ ಸೆನ್ಸರ್ ಕೂರಿಸಿದ ಹೊಸ ವಾಹನಗಳಲ್ಲಿ ಕಪ್ಪು ತಂತಿಯನ್ನು ಆ ಟರ್ಮಿನಲ್‌ಗೆ ಕಟ್ಟಬೇಡಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಾಡಿಗೆ ಸೇರುವ ಬೋಲ್ಟಿಗೆ ಕಟ್ಟಿ. 24 ವೋಲ್ಟ್ ಲಾರಿಯಲ್ಲಿ ಎರಡು ಬ್ಯಾಟರಿಗಳ ನಡುವಿನಿಂದ 12 ವೋಲ್ಟ್ ಕದಿಯುವ ಅಭ್ಯಾಸ ಬೇಡ, ಒಂದು ಬ್ಯಾಟರಿ ಸದಾ ಅರೆಹೊಟ್ಟೆಯಲ್ಲಿದ್ದು ಬೇಗ ಸಾಯುತ್ತದೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ, ಅಥವಾ ಎರಡೂ ವೋಲ್ಟೇಜಿಗೆ ಹೊಂದುವ ಸೆಟ್ ಕೊಳ್ಳಿ.

ತಂತಿ ಎಳೆದಾದ ಮೇಲೆ, ಆಂಟೆನಾ ಜೋಡಿಸಿ, ಮೈಕಿನ ಗುಂಡಿ ಒತ್ತಿ ಹಿಡಿದು ಸೆಟ್ಟಿನ ಹಿಂಭಾಗದಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ. ಬ್ಯಾಟರಿಯಲ್ಲಿ ಇರುವುದಕ್ಕಿಂತ ಅರ್ಧ ವೋಲ್ಟ್ ಮೀರಿ ಇಳಿದಿದ್ದರೆ ಎಲ್ಲೋ ಒಂದು ಜೋಡಣೆ ಸಡಿಲವಾಗಿದೆ. ಆಂಟೆನಾ ಇಲ್ಲದೆ ಮಾತ್ರ ಗುಂಡಿ ಒತ್ತಲೇಬೇಡಿ: ಹೊರಹೋಗಬೇಕಾದ ಶಕ್ತಿ ವಾಪಸು ಬಂದು ಕೊನೆಯ ಹಂತದ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು.

ಆಂಟೆನಾ: ಉದ್ದ ಮತ್ತು ಜಾಗ

27 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ 11 ಮೀಟರ್. ಅದರ ಕಾಲುಭಾಗ, ಅಂದರೆ ಸುಮಾರು 2.75 ಮೀಟರ್, ವಾಹನದ ಆಂಟೆನಾದ ಸಹಜ ಉದ್ದ. 2.6 ಮೀಟರ್‌ನ ಸ್ಟೀಲ್ ಕಡ್ಡಿ, ಬುಡಕ್ಕೆ 15 ಸೆಂಟಿಮೀಟರ್ ಸ್ಪ್ರಿಂಗ್: ಹಳೆಯ ಕಾಲದ ಈ ಜೋಡಿಯನ್ನು ಮೀರಿಸುವ ವಾಹನದ ಆಂಟೆನಾ ಇವತ್ತಿಗೂ ಕಡಿಮೆ. ಅಷ್ಟುದ್ದ ಒಯ್ಯಲಾಗದ ಕಡೆ ತಂತಿಯನ್ನು ಸುರುಳಿ ಸುತ್ತಿ ಉದ್ದ ಕುಗ್ಗಿಸಿದ ಆಂಟೆನಾಗಳು ಬರುತ್ತವೆ: 1.2 ಮೀಟರ್‌ನ ಫೈಬರ್‌ಗ್ಲಾಸ್ ಕಡ್ಡಿ, 60 ಸೆಂಟಿಮೀಟರ್‌ನಿಂದ ಒಂದೂವರೆ ಮೀಟರ್‌ವರೆಗಿನ ಮ್ಯಾಗ್ನೆಟ್ ಆಂಟೆನಾ. ಕುಗ್ಗಿಸಿದಷ್ಟೂ ಶಕ್ತಿ ಸುರುಳಿಯಲ್ಲೇ ಬಿಸಿಯಾಗಿ ಹೋಗುತ್ತದೆ, ಒಂದೇ ಹೊಂದಾಣಿಕೆಯಲ್ಲಿ ಸಿಗುವ ಚಾನೆಲ್‌ಗಳೂ ಕಡಿಮೆಯಾಗುತ್ತವೆ. ಆಯ್ಕೆಯ ಸೂತ್ರ ಇಷ್ಟೇ: ನಿಮ್ಮ ವಾಹನ ಸಹಿಸುವಷ್ಟು ಉದ್ದದ್ದನ್ನು ಹಾಕಿ. 60 ಸೆಂಟಿಮೀಟರ್‌ನದನ್ನು ಬಿಟ್ಟು ಒಂದೂವರೆ ಮೀಟರ್‌ನದಕ್ಕೆ ಹೋದಾಗ ಆಗುವ ಲಾಭ ಯಾವ ದುಬಾರಿ ಸೆಟ್ಟಿನಿಂದಲೂ ಆಗುವುದಿಲ್ಲ.

ಕಡ್ಡಿ ಆಂಟೆನಾದ ಅರ್ಧ ಮಾತ್ರ. ಇನ್ನರ್ಧ ಅದರ ಕೆಳಗಿನ ಲೋಹದ ಹಾಳೆ. ಅದಕ್ಕೇ ಮಾಡಿನ ನಟ್ಟನಡುವೆ ಕೂತದ್ದು ಎಲ್ಲಕ್ಕಿಂತ ಉತ್ತಮ, ನಾಲ್ಕೂ ದಿಕ್ಕಿಗೆ ಸಮನಾಗಿ ಹೋಗುತ್ತದೆ. ಡಿಕ್ಕಿಯ ಮುಚ್ಚಳದ ಅಂಚು, ಬಾನೆಟ್ ಪಕ್ಕ, ಲಾರಿಯ ಕನ್ನಡಿಯ ಕಂಬಿ ನಂತರದ ಸ್ಥಾನದವು. ಬಂಪರ್ ಕೊನೆಯದು. ಮೂಲೆಯಲ್ಲಿ ಕೂತ ಆಂಟೆನಾದ ಜೋರು ಲೋಹ ಹೆಚ್ಚಿರುವ ಕಡೆಗೆ ವಾಲುತ್ತದೆ: ಹಿಂದಿನ ಎಡಮೂಲೆಯಲ್ಲಿದ್ದರೆ ಮುಂದಿನ ಬಲದಿಕ್ಕಿಗೆ ಚೆನ್ನಾಗಿ ಹೋಗುತ್ತದೆ. ಎಲ್ಲೇ ಹಾಕಿದರೂ ಕಡ್ಡಿಯ ಮೇಲಿನ ಮೂರನೇ ಎರಡು ಪಾಲು, ಸುರುಳಿಯಂತೂ ಕಡ್ಡಾಯವಾಗಿ, ಮಾಡಿಗಿಂತ ಮೇಲಿರಬೇಕು. ಲಾರಿಯ ಪೆಟ್ಟಿಗೆಯ ಗೋಡೆಗೆ ಒರಗಿಕೊಂಡಂತೆ ನಿಂತ ಆಂಟೆನಾದ ಸಿಗ್ನಲ್ ಆ ಗೋಡೆಗೇ ಬಲಿ.

ಫೈಬರ್ ಬಾಡಿಯ ವಾಹನದಲ್ಲಿ ಲೋಹದ ಹಾಳೆಯೇ ಇರುವುದಿಲ್ಲ. ಅಂಥದ್ದಕ್ಕೆ ಗ್ರೌಂಡ್ ಪ್ಲೇನ್ ಬೇಡದ ಬೇರೆ ಜಾತಿಯ ಆಂಟೆನಾ ಕಿಟ್ ಸಿಗುತ್ತದೆ. ಅದರ ಜೊತೆ ಬಂದ ಕೇಬಲ್ ಕೂಡ ಹೊಂದಾಣಿಕೆಯ ಭಾಗ, ಕತ್ತರಿಸಿ ಗಿಡ್ಡ ಮಾಡಬೇಡಿ.

ಬುಡದ ಕೆಲಸ

ತೊಂದರೆಗಳ ತವರು ಇದೇ ಜಾಗ. ಕಂಬಿಗೆ ಕೂರಿಸುವ ಸ್ಟಡ್ ಮೌಂಟನ್ನು ಬಿಚ್ಚಿ ಕೈಯಲ್ಲಿ ಹಿಡಿದು ನೋಡಿ. ನಡುವಿನ ಬೋಲ್ಟ್ ಕೇಬಲ್‌ನ ಒಳತಂತಿಗೆ ಸೇರಿದ್ದು, ಅದು ಬ್ರಾಕೆಟ್‌ನ ಲೋಹಕ್ಕೆ ತಾಗಲೇಬಾರದು. ಇವೆರಡನ್ನು ಬೇರೆ ಇಡುವುದು ಒಂದು ಬಿಳಿಯ ನೈಲಾನ್ ವಾಷರ್. ಅದರ ಒಂದು ಪಕ್ಕದಲ್ಲಿ ಸಣ್ಣ ಕತ್ತಿನಂತೆ ಉಬ್ಬಿರುತ್ತದೆ. ಆ ಕತ್ತು ಬ್ರಾಕೆಟ್‌ನ ತೂತಿನೊಳಗೆ ಇಳಿದು ಕೂರಬೇಕು. ತಲೆಕೆಳಗಾಗಿ ಹಾಕಿದರೆ ಅಥವಾ ಓರೆಯಾಗಿ ಕೂತರೆ ನಟ್ ಬಿಗಿಮಾಡುವಾಗ ನೈಲಾನ್ ನಜ್ಜುಗುಜ್ಜಾಗಿ ಬೋಲ್ಟ್ ತೂತಿನ ಅಂಚಿಗೆ ತಾಗುತ್ತದೆ. ಹೊರಗಿನಿಂದ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಶಾರ್ಟ್.

ಬ್ರಾಕೆಟ್ ಬಾಡಿಗೆ ತಾಗುವ ಕಡೆ ಬಣ್ಣವನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆಯಿರಿ, ಹಲ್ಲಿರುವ ಸ್ಟಾರ್ ವಾಷರ್ ಹಾಕಿ ಬಿಗಿಮಾಡಿ, ಆಮೇಲೆ ಹೊರಗಿನಿಂದ ಗ್ರೀಸ್ ಅಥವಾ ಬಣ್ಣ ಹಚ್ಚಿ ತುಕ್ಕು ತಡೆಯಿರಿ. ನಂತರ ಸೆಟ್ಟಿನ ಕಡೆಯ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್‌ನಲ್ಲಿ ಮೂರು ಪರೀಕ್ಷೆ ಮಾಡಿ. ಕನೆಕ್ಟರ್‌ನ ಹೊರಕವಚದಿಂದ ವಾಹನದ ಬಾಡಿಗೆ: ಅರ್ಧ ಓಮ್‌ಗಿಂತ ಕಡಿಮೆ ಬರಬೇಕು. ನಡುವಿನ ಸೂಜಿಯಿಂದ ಆಂಟೆನಾದ ಬುಡದ ಬೋಲ್ಟಿಗೆ: ಅದೇ ರೀತಿ. ಸೂಜಿಯಿಂದ ಹೊರಕವಚಕ್ಕೆ: ಏನೂ ಸಂಪರ್ಕ ಇರಬಾರದು. ಮೂರನೆಯದಕ್ಕೊಂದು ವಿನಾಯಿತಿ ಇದೆ. ಬುಡದಲ್ಲೇ ಸುರುಳಿ ಇರುವ ಕೆಲವು ಆಂಟೆನಾಗಳು ಡಿಸಿಗೆ ಶಾರ್ಟ್ ಆಗಿಯೇ ಕಾಣುತ್ತವೆ, ಅದು ಅವುಗಳ ವಿನ್ಯಾಸ. ಕಡ್ಡಿ ಬಿಚ್ಚಿಟ್ಟು ಮೌಂಟನ್ನು ಮಾತ್ರ ಅಳೆದರೆ ಗೊಂದಲವಿಲ್ಲ. ಸುರುಳಿ ಮೌಂಟಿನೊಳಗೇ ಇದ್ದರೆ ಕೈಪಿಡಿ ನೋಡಿ.

ಬಾಗಿಲು, ಬಾನೆಟ್, ಡಿಕ್ಕಿಯ ಮುಚ್ಚಳಗಳು ಬಾಡಿಗೆ ಸೇರುವುದು ಗ್ರೀಸ್ ತುಂಬಿದ ಕೀಲಿನ ಮೂಲಕ. ಡಿಕ್ಕಿಯ ಮುಚ್ಚಳದ ಮೇಲೆ ಆಂಟೆನಾ ಇದ್ದರೆ ಅದಕ್ಕೂ ಬಾಡಿಗೂ ನಡುವೆ ಜಡೆಯಂತೆ ಹೆಣೆದ ಚಪ್ಪಟೆ ತಾಮ್ರದ ಪಟ್ಟಿಯನ್ನು ಎಷ್ಟು ಗಿಡ್ಡವಾಗುತ್ತದೋ ಅಷ್ಟು ಗಿಡ್ಡವಾಗಿ ಹಾಕಿ. ತೆಳ್ಳನೆಯ ಗುಂಡು ತಂತಿಯಿಂದ ಆ ಕೆಲಸ ಆಗುವುದಿಲ್ಲ. ಸೈಲೆನ್ಸರ್ ಪೈಪಿಗೂ ಇಂಥ ಪಟ್ಟಿ ಹಾಕಿದರೆ ಎಷ್ಟೋ ವಾಹನಗಳಲ್ಲಿ ರೇಡಿಯೊದ ಗದ್ದಲ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ.

ಮ್ಯಾಗ್ನೆಟ್ ಆಂಟೆನಾಗೆ ಕೆರೆಯುವ ಕೆಲಸವಿಲ್ಲ, ಬಣ್ಣದ ಪದರದ ಮೂಲಕವೇ ಅದು ಮಾಡಿನ ಲೋಹಕ್ಕೆ ಜೋಡಣೆಯಾಗುತ್ತದೆ. ಅಡಿಯಲ್ಲಿ ಮರಳಿನ ಕಣ ಸೇರದಂತೆ ಆಗಾಗ ಎತ್ತಿ ಒರೆಸಿ.

ಕೇಬಲ್

50 ಓಮ್‌ನ ಕೋಆಕ್ಸಿಯಲ್ ಕೇಬಲ್ ಬೇಕು. ಟಿವಿಗೆ ಬಳಸುವ 75 ಓಮ್‌ನದು ಬೇಡ. ವಾಹನಕ್ಕೆ ಆರ್‌ಜಿ-58 ಸಾಕು, ನಾಲ್ಕೈದು ಮೀಟರ್‌ನಲ್ಲಿ ಕಳೆದುಕೊಳ್ಳುವುದು ಲೆಕ್ಕಕ್ಕಿಲ್ಲ. ಮನೆಯಲ್ಲಿ 30 ಮೀಟರ್ ಎಳೆಯುವಾಗ ಮಾತ್ರ ಅದೇ ಕೇಬಲ್ 2ರಿಂದ 2.5 ಡೆಸಿಬಲ್ ತಿನ್ನುತ್ತದೆ, ಅಂದರೆ 4 ವ್ಯಾಟ್‌ನಲ್ಲಿ ಒಂದೂವರೆಯಷ್ಟು ದಾರಿಯಲ್ಲೇ ಮುಗಿಯುತ್ತದೆ. ದಪ್ಪನೆಯ ಆರ್‌ಜಿ-213 ಹಾಕಿದರೆ ನಷ್ಟ ಸುಮಾರು 1 ಡೆಸಿಬಲ್‌ಗೆ ಇಳಿಯುತ್ತದೆ.

ಕೇಬಲ್ ಇಂತಿಷ್ಟೇ, 5.5 ಮೀಟರ್ ಇರಲೇಬೇಕು ಎಂಬ ಮಾತು ಸಿಬಿ ಬಳಸುವವರಲ್ಲಿ ಬಾಯಿಂದ ಬಾಯಿಗೆ ಹರಿದುಬಂದಿದೆ. ಸರಿಯಾಗಿ ಹೊಂದಿಸಿದ ಒಂಟಿ ಆಂಟೆನಾಗೆ ಅದು ಅಗತ್ಯವಿಲ್ಲ. ಕೇಬಲ್ ಉದ್ದ ಬದಲಿಸಿದ ಕೂಡಲೇ (ಮುಂದೆ ಹೇಳುವ) ಎಸ್‌ಡಬ್ಲ್ಯೂಆರ್ ಮೀಟರ್ ಓದು ಬಹಳ ಬದಲಾದರೆ ಬುಡದ ಅರ್ತಿಂಗ್ ಸರಿಯಿಲ್ಲ, ಕೇಬಲ್‌ನ ಹೊರಕವಚವೇ ಆಂಟೆನಾದ ಭಾಗವಾಗಿ ಕೆಲಸ ಮಾಡುತ್ತಿದೆ ಎಂದರ್ಥ. ಎರಡು ಆಂಟೆನಾಗಳ ಜೋಡಿಗೆ ಮಾತ್ರ ಅದಕ್ಕೆಂದೇ ಬರುವ ಜೋಡಿ ಕೇಬಲ್ ಬೇಕು. ಆದರೆ ಅವೆರಡರ ನಡುವೆ ಕಾಲು ಅಲೆಯಷ್ಟಾದರೂ, 2.75 ಮೀಟರ್, ಅಂತರ ಇಲ್ಲದಿದ್ದರೆ ಲಾಭ ಅಷ್ಟಕ್ಕಷ್ಟೇ. ಚಿಕ್ಕ ವಾಹನಕ್ಕೆ ಒಂದೇ ಒಳ್ಳೆಯ ಆಂಟೆನಾ ಹಾಕಿ.

ಹೆಚ್ಚಾದ ಕೇಬಲನ್ನು ಬಿಗಿಯಾಗಿ ಸುತ್ತಿ ಸೀಟಿನ ಕೆಳಗೆ ತುರುಕಬೇಡಿ, ಅಂಗೈ ಅಗಲಕ್ಕಿಂತ ಚಿಕ್ಕದಾಗಿ ಮಡಿಸಬೇಡಿ. ಬಾಗಿಲ ಸಂದಿಯಲ್ಲಿ ನಜ್ಜಿಹೋದ ಕೇಬಲ್‌ನೊಳಗೆ ಮಳೆನೀರು ಇಳಿಯುತ್ತದೆ, ತಾಮ್ರದ ಜಾಲರಿ ಕಪ್ಪಾಗುತ್ತದೆ. ಅಂಥದ್ದನ್ನು ತೇಪೆ ಹಾಕದೆ ಬದಲಿಸಿಬಿಡಿ. ಪಿಎಲ್-259 ಕನೆಕ್ಟರ್ ಹಾಕುವಾಗ ಒಳತಂತಿಗೂ ಜಾಲರಿಗೂ ಎರಡಕ್ಕೂ ಬೆಸುಗೆ ಬೀಳಬೇಕು. ಜಾಲರಿಯ ಒಂದೇ ಒಂದು ಎಳೆ ನಡುವಿನ ಸೂಜಿಗೆ ತಾಗಿದರೂ ಕೆಲಸ ಕೆಟ್ಟಿತು.

ಎಸ್‌ಡಬ್ಲ್ಯೂಆರ್ ಹೊಂದಿಸುವುದು

ಸೆಟ್ಟಿನಿಂದ ಹೋದ ಶಕ್ತಿಯಲ್ಲಿ ಎಷ್ಟು ಆಂಟೆನಾದಿಂದ ವಾಪಸು ಬರುತ್ತಿದೆ ಎಂಬುದರ ಅಳತೆ ಎಸ್‌ಡಬ್ಲ್ಯೂಆರ್. 1.5 ಇದ್ದರೆ ನೂರಕ್ಕೆ 4 ಪಾಲು, 2 ಇದ್ದರೆ 11, 3 ಇದ್ದರೆ 25 ಪಾಲು ಹಿಂದಿರುಗುತ್ತದೆ. 1.5ರ ಒಳಗೆ ಬಂದರೆ ಅಲ್ಲಿಗೆ ಬಿಟ್ಟುಬಿಡಿ; 1.5ನ್ನು 1.1 ಮಾಡಲು ಒಂದು ದಿನ ಕಳೆದರೂ ದೂರದಲ್ಲಿ ವ್ಯತ್ಯಾಸ ಕಾಣುವುದಿಲ್ಲ. 2ರವರೆಗೆ ಬಳಸಬಹುದು. 3 ದಾಟಿದರೆ ಮಾತಾಡಬೇಡಿ.

ವಾಹನವನ್ನು ಬಯಲಿನಲ್ಲಿ, ಗೋಡೆ, ಮರ, ತಂತಿಗಳಿಂದ ಏಳೆಂಟು ಮೀಟರ್ ದೂರ ನಿಲ್ಲಿಸಿ. ಶೆಡ್ಡಿನೊಳಗೆ ಹೊಂದಿಸಿದ್ದು ರಸ್ತೆಯಲ್ಲಿ ನಿಲ್ಲುವುದಿಲ್ಲ. ಬಾಗಿಲು, ಬಾನೆಟ್ ಮುಚ್ಚಿ, ಆಂಟೆನಾ ಹತ್ತಿರ ಯಾರೂ ನಿಲ್ಲದಿರಲಿ. ಸೆಟ್ಟಿಗೂ ಆಂಟೆನಾ ಕೇಬಲಿಗೂ ನಡುವೆ ಎಸ್‌ಡಬ್ಲ್ಯೂಆರ್ ಮೀಟರ್ ಸೇರಿಸಿ; ಸೆಟ್ಟಿನಿಂದ ಮೀಟರಿಗೆ ಹೋಗುವ ಕೇಬಲ್ ಒಂದು ಮೀಟರ್‌ಗಿಂತ ಗಿಡ್ಡವಿರಲಿ. ಎಎಮ್ ಅಥವಾ ಎಫ್‌ಎಮ್ ಆರಿಸಿ. ಚಾನೆಲ್ 1ಕ್ಕೆ ಹೋಗಿ, ಯಾರೂ ಮಾತಾಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಮೀಟರ್ ಗುಂಡಿಯನ್ನು ಫಾರ್ವರ್ಡ್‌ಗೆ ಹಾಕಿ, ಮೈಕ್ ಒತ್ತಿ ಏನೂ ಮಾತಾಡದೆ ಮುಳ್ಳನ್ನು ಮೀಟರಿನಲ್ಲಿ "ಸೆಟ್" ಎಂದು ಬರೆದ ಗೆರೆಗೆ ತನ್ನಿ. ಒತ್ತಿ ಹಿಡಿದೇ ರಿವರ್ಸ್‌ಗೆ ತಿರುಗಿಸಿ ಓದಿ, ಬಿಡಿ. ಐದಾರು ಸೆಕೆಂಡ್ ಸಾಕು. ಇದನ್ನೇ 20ರಲ್ಲಿ, 40ರಲ್ಲಿ ಮಾಡಿ. ಪ್ರತಿ ಚಾನೆಲಿಗೂ ಮೊದಲು ಸೆಟ್ ಗೆರೆಗೆ ತರುವುದನ್ನು ಮರೆಯಬೇಡಿ.

ಈಗ ಅಂಕಿಗಳನ್ನು ಓದಿ. ಚಾನೆಲ್ 40ರಲ್ಲಿ ಚಾನೆಲ್ 1ರಲ್ಲಿ ಬಂದದ್ದಕ್ಕಿಂತ ಹೆಚ್ಚು ಬಂದರೆ ಆಂಟೆನಾ ಉದ್ದವಾಗಿದೆ, ಗಿಡ್ಡ ಮಾಡಿ. 1ರಲ್ಲಿ ಹೆಚ್ಚು ಬಂದರೆ ಗಿಡ್ಡವಾಗಿದೆ, ಉದ್ದ ಮಾಡಿ. 20ರಲ್ಲಿ ಕಡಿಮೆ ಬಂದು ಎರಡೂ ತುದಿಯಲ್ಲಿ ಸಮನಾಗಿ ತುಸು ಏರಿದರೆ ಸರಿಯಾಗಿದೆ. ಪೂರ್ತಿ ಉದ್ದದ ಕಡ್ಡಿಯಲ್ಲಿ 1ರಿಂದ 40ರವರೆಗಿನ ಇಡೀ ಬ್ಯಾಂಡ್ ಸುಮಾರು 4 ಸೆಂಟಿಮೀಟರ್‌ನ ವ್ಯತ್ಯಾಸ. ಗಿಡ್ಡ ಸುರುಳಿ ಆಂಟೆನಾದಲ್ಲಿ ಕೆಲವೇ ಮಿಲಿಮೀಟರ್‌ಗೆ ಅಷ್ಟೇ ದೂರ ಜರುಗುತ್ತದೆ. ತುದಿಯಲ್ಲಿ ತಿರುಪು ಇದ್ದರೆ ಸುತ್ತಿಗೊಮ್ಮೆ ಅಳೆಯಿರಿ. ಕಡ್ಡಿ ಕತ್ತರಿಸುವುದೇ ಆದರೆ ಸಲಕ್ಕೆ 3 ಮಿಲಿಮೀಟರ್ ದಾಟಬೇಡಿ, ಕತ್ತರಿಸಿದ್ದನ್ನು ಅಂಟಿಸಲಾಗುವುದಿಲ್ಲ.

ಎಲ್ಲ ಚಾನೆಲ್‌ನಲ್ಲೂ 3 ದಾಟಿ, ಉದ್ದ ಬದಲಿಸಿದರೂ ಮುಳ್ಳು ಅಲುಗದಿದ್ದರೆ ಅದು ಉದ್ದದ ತೊಂದರೆಯಲ್ಲ. ಮೇಲೆ ಹೇಳಿದ ನೈಲಾನ್ ವಾಷರ್, ಕೆರೆಯದ ಬಣ್ಣ, ಕೆಟ್ಟ ಕನೆಕ್ಟರ್, ಇವನ್ನು ಇದೇ ಕ್ರಮದಲ್ಲಿ ನೋಡಿ.

ಇನ್ನೊಂದು ಮುಖ್ಯ ಮಾತು. ಕಡಿಮೆ ಎಸ್‌ಡಬ್ಲ್ಯೂಆರ್ ಬಂದ ಮಾತ್ರಕ್ಕೆ ಆಂಟೆನಾ ಒಳ್ಳೆಯದೆಂದು ತೀರ್ಮಾನಿಸಬೇಡಿ. ಪರೀಕ್ಷೆಗೆ ಬಳಸುವ ಡಮ್ಮಿ ಲೋಡ್ 1.0 ತೋರಿಸುತ್ತದೆ, ಆದರೆ ಒಂದು ತುಣುಕು ಸಿಗ್ನಲ್ಲೂ ಹೊರಗೆ ಹೋಗುವುದಿಲ್ಲ. ನೀರು ಇಳಿದ ಕೇಬಲ್ ಕೂಡ ಹೋಗುವುದನ್ನೂ ಬರುವುದನ್ನೂ ನುಂಗಿ ಚಂದದ ಅಂಕಿ ತೋರಿಸುತ್ತದೆ.

ಗದ್ದಲ ಇಳಿಸುವುದು

ಹಳೆಯ ಕಾಲಕ್ಕೂ ಈಗಕ್ಕೂ ದೊಡ್ಡ ವ್ಯತ್ಯಾಸ ಇಲ್ಲಿದೆ. ಯುಎಸ್‌ಬಿ ಚಾರ್ಜರ್, ಎಲ್‌ಇಡಿ ದೀಪ, ಡ್ಯಾಶ್ ಕ್ಯಾಮೆರಾ, ಇನ್ವರ್ಟರ್, ಇವೆಲ್ಲ 27 ಮೆಗಾಹರ್ಟ್ಸ್‌ನಲ್ಲಿ ಸದಾ ಕರಕರ ಎನ್ನುತ್ತವೆ. ಗದ್ದಲವೇ ಎಸ್-6ರಲ್ಲಿ ನಿಂತಿದ್ದರೆ ಎಸ್-4ರಲ್ಲಿ ಬರುವ ಗೆಳೆಯರು ನಿಮ್ಮ ಪಾಲಿಗೆ ಇಲ್ಲವೇ ಇಲ್ಲ. ಗದ್ದಲವನ್ನು ಎರಡು ಗೆರೆ ಇಳಿಸುವುದು, ಆ ಕಡೆಯವರೆಲ್ಲ ತಮ್ಮ ಶಕ್ತಿಯನ್ನು ಹದಿನಾರು ಪಟ್ಟು ಮಾಡಿದ್ದಕ್ಕೆ ಸಮ.

ಮೂಲ ಹುಡುಕುವುದು ಹೀಗೆ. ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಸೆಟ್ ಮಾತ್ರ ಹಚ್ಚಿ ಎಸ್ ಮೀಟರ್ ನೋಡಿ. ಕೀಲಿ ತಿರುಗಿಸಿ. ಎಂಜಿನ್ ಚಾಲೂ ಮಾಡಿ. ಚಾರ್ಜರ್, ದೀಪ, ಕ್ಯಾಮೆರಾಗಳನ್ನು ಒಂದೊಂದಾಗಿ ಹಚ್ಚಿ. ಯಾವ ಹಂತದಲ್ಲಿ ಮುಳ್ಳು ಜಿಗಿಯಿತೋ ಅಲ್ಲೇ ಕಳ್ಳ. ಎಂಜಿನ್ ವೇಗಕ್ಕೆ ತಕ್ಕಂತೆ ಟಕಟಕ ಹೆಚ್ಚಾದರೆ ಇಗ್ನಿಷನ್, ಸಿಳ್ಳೆಯಂತೆ ಏರಿಳಿದರೆ ಆಲ್ಟರ್ನೇಟರ್. ಬಳಿಕ ಗದ್ದಲ ಇರುವಾಗಲೇ ಆಂಟೆನಾ ಕೇಬಲ್ ಬಿಚ್ಚಿ: ನಿಂತುಹೋದರೆ ಅದು ಆಂಟೆನಾದಿಂದ ಬರುತ್ತಿದೆ, ನಿಲ್ಲದಿದ್ದರೆ ವಿದ್ಯುತ್ ತಂತಿಯಿಂದ. ತಂತಿಯಿಂದ ಬಂದರೆ ಸೆಟ್ಟಿನ ಹತ್ತಿರ ಒಂದು ಲೈನ್ ಫಿಲ್ಟರ್ ಹಾಕಿ. ಚಾರ್ಜರ್‌ನಿಂದ ಬಂದರೆ ಅದನ್ನು ಬದಲಿಸಿ ನೋಡಿ, ಅಥವಾ ಅದರ ತಂತಿಯನ್ನು 31 ನಂಬರಿನ ಫೆರೈಟ್ ಬಳೆಯೊಳಗೆ ನಾಲ್ಕೈದು ಸುತ್ತು ಹಾಯಿಸಿ. ಬಳೆಯನ್ನು ಬರಿದೇ ತಂತಿಗೆ ಸಿಕ್ಕಿಸಿದರೆ ಒಂದೇ ಸುತ್ತು, ಅದರಿಂದ ಬಹಳ ಕಡಿಮೆ ಪ್ರಯೋಜನ; ತಡೆಯುವ ಶಕ್ತಿ ಹೆಚ್ಚುಕಡಿಮೆ ಸುತ್ತುಗಳ ವರ್ಗದಂತೆ ಏರುತ್ತದೆ.

ಸೆಟ್ಟಿನಲ್ಲಿರುವ ಎನ್‌ಬಿ (ನಾಯ್ಸ್ ಬ್ಲ್ಯಾಂಕರ್) ಗುಂಡಿ ಟಕಟಕ ಎನ್ನುವ ಇಗ್ನಿಷನ್ ಗದ್ದಲಕ್ಕೆ ಒಳ್ಳೆಯದು. ಭೋರ್ಗರೆಯುವ ಎಲ್‌ಇಡಿ ಗದ್ದಲಕ್ಕೆ ಅದರಿಂದ ಉಪಯೋಗವಿಲ್ಲ.

ಕೂತು ಮಾತಾಡುವ ರೀತಿ

ಬರುವ ಸಿಗ್ನಲ್ಲನ್ನು ಹಿಗ್ಗಿಸುವ ಆರ್‌ಎಫ್ ಗೇನ್ ಗುಂಡಿ ಪೂರ್ತಿ ಬಲಕ್ಕೆ. ಯಾರೂ ಮಾತಾಡದಾಗ ಸ್ಪೀಕರ್ ಮುಚ್ಚುವ ಸ್ಕ್ವೆಲ್ಚ್ ಗುಂಡಿಯನ್ನು ಗದ್ದಲ ನಿಲ್ಲುವ ಬಿಂದುವಿಗೆ ತಂದು ಅಲ್ಲೇ ಬಿಡಿ. ಇನ್ನೂ ತಿರುಗಿಸಿದರೆ ದೂರದ ಸಣ್ಣ ದನಿಗಳಿಗೆ ಬಾಗಿಲು ಮುಚ್ಚುತ್ತದೆ. ದೂರದವರನ್ನು ಹುಡುಕುವಾಗ ಸ್ಕ್ವೆಲ್ಚ್ ಪೂರ್ತಿ ತೆಗೆದು ಗದ್ದಲದೊಳಗೇ ಕಿವಿಯಿಡಬೇಕು.

ಮೈಕ್ ಬಾಯಿಂದ ನಾಲ್ಕು ಬೆರಳು ದೂರ, ತುಸು ಓರೆಯಾಗಿರಲಿ. ಗುಂಡಿ ಒತ್ತಿ, ಅರ್ಧ ಸೆಕೆಂಡ್ ಬಿಟ್ಟು ಮಾತು ಶುರುಮಾಡಿ, ಇಲ್ಲದಿದ್ದರೆ ಮೊದಲ ಅಕ್ಷರವೇ ಹೋಗುವುದಿಲ್ಲ. ಕೂಗಬೇಡಿ. ದನಿ ಒಡೆದರೆ ಅಕ್ಷರ ಗೊತ್ತಾಗುವುದಿಲ್ಲ, ದನಿ ಹಿಗ್ಗಿಸುವ ಪವರ್ ಮೈಕನ್ನು ಪೂರ್ತಿ ಏರಿಸಿದರೂ ಅದೇ ಗತಿ. ಮೊದಲು ಕೇಳಿ, ಖಾಲಿ ಇದ್ದರೆ ಕರೆಯಿರಿ, ಉತ್ತರ ಸಿಕ್ಕ ಮೇಲೆ ಬೇರೆ ಚಾನೆಲಿಗೆ ಹೋಗಿ. ಅಮೆರಿಕದಲ್ಲಿ 9 ತುರ್ತಿಗೆ ಮೀಸಲು, 19 ಹೆದ್ದಾರಿಯವರ ರೂಢಿಯ ಚಾನೆಲ್. "ರೇಡಿಯೊ ಚೆಕ್" ಕೇಳುವಾಗ ನೀವೆಲ್ಲಿದ್ದೀರಿ ಎಂದೂ ಹೇಳಿ. ಉತ್ತರ ಕೊಟ್ಟವರು ಎಷ್ಟು ದೂರದಲ್ಲಿದ್ದಾರೆ ಎಂದು ಗೊತ್ತಾಗದ ಚೆಕ್‌ನಿಂದ ಏನೂ ತಿಳಿಯುವುದಿಲ್ಲ.

ನಿಮ್ಮ ಗುಂಪಿನವರೆಲ್ಲರ ಬಳಿ ಎಸ್‌ಎಸ್‌ಬಿ ಇರುವ ಸೆಟ್ ಇದ್ದರೆ ಅದನ್ನೇ ಬಳಸಿ. ಎಎಮ್‌ನಲ್ಲಿ ಶಕ್ತಿಯ ಬಹುಪಾಲು ಮಾತಿಲ್ಲದ ಕ್ಯಾರಿಯರ್‌ಗೆ ಹೋಗುತ್ತದೆ. ಎಸ್‌ಎಸ್‌ಬಿಯಲ್ಲಿ ಎಲ್ಲವೂ ಮಾತಿಗೇ. ಕೇಳುವ ಪಟ್ಟಿ ಅರ್ಧದಷ್ಟು ಕಿರಿದಾಗುವುದರಿಂದ ಗದ್ದಲವೂ ಅರ್ಧ. ಕಾನೂನಿನೊಳಗೇ ಇದ್ದು ದೂರ ಹೆಚ್ಚಿಸುವ ದಾರಿಗಳಲ್ಲಿ ಎತ್ತರ ಬಿಟ್ಟರೆ ಇದೇ ದೊಡ್ಡದು. ಎರಡೂ ಕಡೆಯವರು ಎಲ್‌ಎಸ್‌ಬಿ (ಅಲೆಯ ಕೆಳಪಕ್ಕ) ಅಥವಾ ಯುಎಸ್‌ಬಿ (ಮೇಲ್ಪಕ್ಕ) ಒಂದನ್ನೇ ಆರಿಸಿರಬೇಕು. ದನಿ ಬಾತುಕೋಳಿಯಂತೆ ಕೇಳಿದರೆ ಕ್ಲಾರಿಫೈಯರ್ ಗುಂಡಿಯನ್ನು ನಿಧಾನಕ್ಕೆ ತಿರುಗಿಸಿ, ಸಹಜವಾಗುವವರೆಗೆ. ಎಫ್‌ಎಮ್ ಹತ್ತಿರದಲ್ಲಿ ಬಹಳ ಸ್ವಚ್ಛ, ಗುಂಪಾಗಿ ಸಾಗುವ ವಾಹನಗಳಿಗೆ ಹಿತ. ಆದರೆ ಅಂಚಿನಲ್ಲಿ ತಟಕ್ಕನೆ ಕಾಣೆಯಾಗುತ್ತದೆ.

ಮನೆಯ ಮೇಲೆ, ಕೈಯಲ್ಲಿ

ಮನೆಗೆ ಅಗ್ಗದ, ನಂಬಬಹುದಾದ ಆಂಟೆನಾ ಲಂಬವಾಗಿ ನಿಲ್ಲಿಸಿದ ಡೈಪೋಲ್. 2.75 ಮೀಟರ್‌ನ ಎರಡು ತಾಮ್ರದ ತಂತಿ ಕತ್ತರಿಸಿ, ಒಂದನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ, ಲೋಹವಲ್ಲದ ಕಂಬಕ್ಕೆ ಕಟ್ಟಿ. ಕೇಬಲ್‌ನ ಒಳತಂತಿ ಮೇಲಿನದಕ್ಕೆ, ಜಾಲರಿ ಕೆಳಗಿನದಕ್ಕೆ. ತುದಿಗಳನ್ನು ಸ್ವಲ್ಪಸ್ವಲ್ಪವೇ ಹಿಂದಕ್ಕೆ ಮಡಿಸಿ ಹೊಂದಿಸುತ್ತ ಬಂದರೆ ತಲಾ 2.63 ಮೀಟರ್ ಆಸುಪಾಸಿನಲ್ಲಿ ಸರಿಯಾಗುತ್ತದೆ. ಪ್ಲಾಸ್ಟಿಕ್ ಹೊದಿಕೆಯ ತಂತಿಯಾದರೆ ಇನ್ನೂ ತುಸು ಗಿಡ್ಡ. ಕೇಬಲ್ ನಡುವಿನಿಂದ ಅಡ್ಡಕ್ಕೆ ಒಂದೆರಡು ಮೀಟರ್ ಹೋಗಿ ಆಮೇಲೆ ಇಳಿಯಬೇಕು. ಜೋಡಣೆಯ ಪಕ್ಕದಲ್ಲೇ ಕೇಬಲನ್ನು 10-12 ಸೆಂಟಿಮೀಟರ್ ಅಗಲದ ಆರೇಳು ಸುತ್ತು ಸುತ್ತಿ ಕಟ್ಟಿ, ಹೊರಕವಚದ ಮೇಲೆ ಶಕ್ತಿ ಹರಿದು ಮನೆಯೊಳಗೆ ಬರುವುದನ್ನು ಅದು ತಡೆಯುತ್ತದೆ. ಜೋಡಣೆಗೆ ತನ್ನಷ್ಟಕ್ಕೆ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಅದರ ಮೇಲೆ ಸಾಮಾನ್ಯ ಟೇಪ್. ಕೇಬಲ್ ಒಳಗೆ ಬರುವ ಕಡೆ ಒಂದು ಇಳಿಬಳುಕು ಬಿಟ್ಟರೆ ಮಳೆನೀರು ಹೊರಗೇ ತೊಟ್ಟಿಕ್ಕುತ್ತದೆ.

ಕಂಬ ನಿಲ್ಲಿಸುವ ಜಾಗ ವಿದ್ಯುತ್ ತಂತಿಯಿಂದ, ಕಂಬ ಮತ್ತು ಆಂಟೆನಾದ ಒಟ್ಟು ಎತ್ತರದ ಒಂದೂವರೆ ಪಟ್ಟಾದರೂ ದೂರವಿರಲಿ. ಜಾರಿ ಬಿದ್ದ ಆಂಟೆನಾ ಕರೆಂಟಿನ ತಂತಿಗೆ ತಾಗಿ ಜೀವ ಹೋದದ್ದುಂಟು. ಒಬ್ಬರೇ ಎತ್ತಬೇಡಿ, ಗಾಳಿಯಲ್ಲಿ ಎತ್ತಬೇಡಿ. ಗುಡುಗು ಕೇಳಿಸುವ ಮೊದಲೇ ಕೇಬಲ್ ಬಿಚ್ಚಿ ಮನೆಯ ಹೊರಗಿಡಿ. ಗುಡುಗು ಶುರುವಾದ ಮೇಲೆ ಮುಟ್ಟಬೇಡಿ. ಮಾತಾಡುವಾಗ ಯಾರೂ ಕಡ್ಡಿಯನ್ನು ಮುಟ್ಟದಂತೆ ನೋಡಿಕೊಳ್ಳಿ, ನಾಲ್ಕೇ ವ್ಯಾಟ್ ಆದರೂ ಬೆರಳು ಸುಡುತ್ತದೆ.

ಕೈಸೆಟ್‌ನ ರಬ್ಬರ್ ಆಂಟೆನಾ 11 ಮೀಟರ್ ಅಲೆಗೆ ಬಹಳ ಚಿಕ್ಕದು. ಹೊರ ಆಂಟೆನಾಗೆ ಅನುಮತಿ ಇರುವ ಕಡೆ, ಕನೆಕ್ಟರ್‌ಗೆ ಹೊಂದುವ ಅಡಾಪ್ಟರ್ ಹಾಕಿ ವಾಹನದ ಮಾಡಿನ ಮ್ಯಾಗ್ನೆಟ್ ಆಂಟೆನಾಗೆ ಜೋಡಿಸಿದರೆ ಬೇರೆಯೇ ಸೆಟ್ ಅನಿಸುತ್ತದೆ. ನಡೆಯುವಾಗ ಕನೆಕ್ಟರ್‌ನ ಹೊರಕವಚಕ್ಕೆ 2.6 ಮೀಟರ್‌ನ ಮೆತ್ತನೆ ತಂತಿ ಸಿಕ್ಕಿಸಿ ಕೆಳಗೆ ಇಳಿಬಿಡಿ. ಲೋಹದ ಹಾಳೆಯ ಕೆಲಸವನ್ನು ಅದು ತಕ್ಕಮಟ್ಟಿಗೆ ಮಾಡುತ್ತದೆ.

ದೂರದ ದನಿಗಳು ನುಗ್ಗಿದಾಗ

ಕೆಲವು ದಿನ ಸಾವಿರಾರು ಕಿಲೋಮೀಟರ್ ಆಚೆಯವರು ಪಕ್ಕದಲ್ಲಿದ್ದಂತೆ ಕೇಳುತ್ತಾರೆ. ಅಯಾನುಮಂಡಲ 27 ಮೆಗಾಹರ್ಟ್ಸ್ ಅಲೆಗಳನ್ನು ಭೂಮಿಗೆ ಬಾಗಿಸಿ ಕಳಿಸುವ ಈ ಸ್ಥಿತಿಗೆ ಸಿಬಿಯವರು ಸ್ಕಿಪ್ ಎನ್ನುತ್ತಾರೆ. ಸೂರ್ಯನ ಕಲೆಗಳು ಹೆಚ್ಚಿದ ವರ್ಷಗಳಲ್ಲಿ ಇದು ಹಗಲಿನಲ್ಲಿ ಪದೇ ಪದೇ ಆಗುತ್ತದೆ. 2019ರ ಕೊನೆಗೆ ಶುರುವಾದ 25ನೇ ಸೌರಚಕ್ರ 2024ರಲ್ಲಿ ತುದಿಗೇರಿದ್ದರಿಂದ ಈಚಿನ ವರ್ಷಗಳಲ್ಲಿ ಬ್ಯಾಂಡ್ ಬಹಳ ಗಿಜಿಗುಟ್ಟಿದೆ. ಉತ್ತರಾರ್ಧಗೋಳದಲ್ಲಿ ಮೇನಿಂದ ಆಗಸ್ಟ್‌ವರೆಗೆ ಇನ್ನೊಂದು ಬಗೆಯ, ಇದ್ದಕ್ಕಿದ್ದಂತೆ ತೆರೆದು ಮುಚ್ಚುವ ಸ್ಕಿಪ್ಪೂ ಬರುತ್ತದೆ. ದೂರದವರೊಡನೆ ಮಾತಾಡುವುದಕ್ಕೆ ಅಮೆರಿಕದಲ್ಲಿದ್ದ 250 ಕಿಲೋಮೀಟರ್‌ನ ಮಿತಿಯನ್ನು 2017ರಲ್ಲಿ ತೆಗೆದುಹಾಕಲಾಯಿತು.

ಹತ್ತಿರದವರೊಡನೆ ಕೆಲಸದ ಮಾತು ನಡೆಸಬೇಕಾದವರಿಗೆ ಇದೇ ಕಿರಿಕಿರಿ. ಮೊನ್ನೆ ಎಂಟು ಕಿಲೋಮೀಟರ್ ಸಿಕ್ಕ ಸೆಟ್ ಇವತ್ತು ಮೂರಕ್ಕೆ ನಿಂತಿತೆಂದು ಆಂಟೆನಾ ಬಿಚ್ಚುವ ಮುಂಚೆ ಚಾನೆಲ್‌ಗಳನ್ನೊಮ್ಮೆ ಸುತ್ತಿ ಕೇಳಿ. ಎಲ್ಲೆಡೆ ಪರಿಚಯವಿಲ್ಲದ ಭಾಷೆ, ಏರಿಳಿಯುವ ದನಿಗಳಿದ್ದರೆ ನಿಮ್ಮ ಸೆಟ್ಟಿಗೆ ಏನೂ ಆಗಿಲ್ಲ. ಜನ ಕಡಿಮೆಯಿರುವ ಚಾನೆಲಿಗೆ ಹೋಗಿ, ಆರ್‌ಎಫ್ ಗೇನ್ ಇಳಿಸಿ, ಸಾಧ್ಯವಿದ್ದರೆ ಎಫ್‌ಎಮ್‌ಗೆ ಬದಲಿಸಿ: ಅಲ್ಲಿ ಜೋರಾಗಿ ಬರುವ ಹತ್ತಿರದ ಸಿಗ್ನಲ್ ದೂರದ್ದನ್ನು ಅದುಮಿಡುತ್ತದೆ. ಇವುಗಳಿಂದಲೂ ಆಗದಿದ್ದರೆ ಕತ್ತಲಾಗುವವರೆಗೆ ಕಾಯಿರಿ. ಸಾಮಾನ್ಯವಾಗಿ ರಾತ್ರಿ ಬಿದ್ದ ಸ್ವಲ್ಪ ಹೊತ್ತಿಗೆ ಬ್ಯಾಂಡ್ ಹತ್ತಿರದವರಿಗೆ ತೆರವಾಗುತ್ತದೆ.